ಕಾರಿನ ಬಾಗಿಲ ಹ್ಯಾಂಡಲ್‌ ಹಕ್ಕಳೆ ಎದ್ದರೆ: ಬಣ್ಣ ಮತ್ತೆ ಸುಲಿಯದಂತೆ ಕೂರಿಸುವ ಕ್ರಮ

ಕಾರಿನ ಬಾಗಿಲ ಹ್ಯಾಂಡಲ್‌ಗೆ ಮನೆಯಲ್ಲಿಯೇ ಹೊಡೆದ ಬಣ್ಣ ಎರಡು ಮೂರು ತಿಂಗಳಲ್ಲಿ ಉಗುರಿಗೆ ಸಿಕ್ಕು ಹಾಳೆಯಂತೆ ಎದ್ದು ಬಂದಾಗ, ಹುಬ್ಬಳ್ಳಿ-ಧಾರವಾಡದ ಕಡೆ ಕೇಳಿಬರುವ ಮಾತು ಒಂದೇ: "ಡಬ್ಬಿ ಬಣ್ಣ ಬಾಳಿಕಿ ಬರೂದಿಲ್ರೀ." ಆದರೆ ಸುಲಿದು ಬಂದ ಒಂದು ಚೂರನ್ನು ಬೆಳಕಿಗೆ ಹಿಡಿದು ಅದರ ಒಳಮೈಯನ್ನು ನೋಡಿರಿ. ಅದು ಗಾಜಿನಂತೆ ನುಣುಪಾಗಿದ್ದರೆ ಕೆಳಗಿನ ಪ್ಲಾಸ್ಟಿಕ್ಕನ್ನು ಯಾರೂ ಸರಿಯಾಗಿ ಉಜ್ಜಿರಲಿಲ್ಲ ಎಂದರ್ಥ. ಉಪ್ಪುಕಾಗದದ ಗೀರುಗಳ ಅಚ್ಚು ಸ್ಪಷ್ಟವಾಗಿ ಮೂಡಿದ್ದೂ ಬಣ್ಣ ಬಿಟ್ಟಿದ್ದರೆ, ಬಹುಮಟ್ಟಿಗೆ ಆ ಗೀರುಗಳೊಳಗೆ ಎಣ್ಣೆಯೋ ಪಾಲಿಶೋ ಉಳಿದಿತ್ತು.

ಒಂದು ಹ್ಯಾಂಡಲ್‌ನ ಕೆಲಸದಲ್ಲಿ ಸ್ಪ್ರೇ ಡಬ್ಬಿ ಕೈಯಲ್ಲಿರುವ ಹೊತ್ತು ಹತ್ತು ನಿಮಿಷವೂ ಆಗುವುದಿಲ್ಲ. ಉಳಿದ ಅರ್ಧ ದಿನ ತೊಳೆಯುವುದು, ಉಜ್ಜುವುದು, ಒರೆಸುವುದು ಮತ್ತು ಸುಮ್ಮನೆ ಕಾಯುವುದರಲ್ಲಿ ಕಳೆಯುತ್ತದೆ. ಕೆಲಸ ಕೆಡುವುದು ಆ ಅರ್ಧ ದಿನದಲ್ಲಿ. ಆದ್ದರಿಂದ ಇಲ್ಲಿ ಬಣ್ಣ ಹೊಡೆಯುವುದಕ್ಕಿಂತ ಅದರ ಹಿಂದಿನ ಕೆಲಸಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಸುಲಿದಿರುವುದು ಯಾವ ಪದರವೆಂದು ಗುರುತಿಸುವುದು

ಈಗಿನ ಬಹುತೇಕ ಕಾರುಗಳಲ್ಲಿ ಹ್ಯಾಂಡಲ್‌ ಪ್ಲಾಸ್ಟಿಕ್ಕಿನದು. ಅದರ ಮೇಲೆ ಬಣ್ಣ ಹಿಡಿದು ನಿಲ್ಲಲೆಂದು ಹೊಡೆಯುವ ಪ್ರೈಮರ್‌, ಪ್ರೈಮರ್‌ ಮೇಲೆ ಬಣ್ಣದ ಬೇಸ್‌ ಕೋಟ್‌, ಎಲ್ಲದರ ಮೇಲೆ ಹೊಳಪು ಕೊಡುವ ಕ್ಲಿಯರ್‌ ಕೋಟ್‌ ಇರುತ್ತವೆ. ಬಿಸಿಲಿಗೆ ಮೊದಲು ಸೋಲುವುದು ಕ್ಲಿಯರ್‌ ಕೋಟ್‌. ಉಗುರು, ಉಂಗುರ, ಬೀಗದಕೈ ತಾಗಿ ಬಿದ್ದ ಗೀರುಗಳಲ್ಲಿ ನೀರು ಇಳಿದಾಗ ಕೆಳಗಿನ ಪದರಗಳೂ ಸಡಿಲವಾಗುತ್ತವೆ.

ಸುಲಿದ ಅಂಚು ಬಿಳಿಚಿಕೊಂಡು, ಒಳಗಿನ ಬಣ್ಣ ಮಾತ್ರ ಹಾಗೆಯೇ ಉಳಿದಿದ್ದರೆ ಹೋಗಿರುವುದು ಕ್ಲಿಯರ್‌ ಕೋಟ್‌ ಒಂದೇ. ಕಪ್ಪು ಅಥವಾ ಬೂದು ಪ್ಲಾಸ್ಟಿಕ್‌ ಕಾಣುತ್ತಿದ್ದರೆ ಎಲ್ಲ ಪದರಗಳೂ ಹೋಗಿವೆ. ಚೆನ್ನಾಗಿಯೇ ಕಾಣುವ ಉಳಿದ ಭಾಗವನ್ನೂ ಪರೀಕ್ಷಿಸಬೇಕು: ಬ್ಲೇಡಿನ ತುದಿಯಿಂದ ಎರಡು ಮಿಲಿಮೀಟರ್‌ ಅಂತರದಲ್ಲಿ ನಾಲ್ಕೈದು ಗೆರೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಹಗುರವಾಗಿ ಎಳೆದು, ಅದರ ಮೇಲೆ ಅಂಟುಟೇಪನ್ನು ಒತ್ತಿ ಹಚ್ಚಿ, ಒಮ್ಮೆಲೇ ಕೀಳಿರಿ. ಟೇಪಿಗೆ ಚೌಕದ ಚೂರುಗಳು ಅಂಟಿಕೊಂಡು ಬಂದರೆ ಆ ಹ್ಯಾಂಡಲ್‌ನ ಹಳೆಯ ಬಣ್ಣವನ್ನು ಪೂರ್ತಿ ತೆಗೆಯಲೇಬೇಕು. ಸುಲಿದಷ್ಟಕ್ಕೇ ತೇಪೆ ಹಾಕಿದರೆ ಪಕ್ಕದ ಭಾಗ ನಾಳೆ ಏಳುತ್ತದೆ.

ಕ್ರೋಮ್‌ ಹ್ಯಾಂಡಲ್‌ ಇದ್ದವರು ಇಲ್ಲಿಯೇ ನಿಲ್ಲುವುದು ಒಳ್ಳೆಯದು. ಅದು ಬಣ್ಣವಲ್ಲ, ಪ್ಲಾಸ್ಟಿಕ್ಕಿನ ಮೇಲೆ ತಾಮ್ರ, ನಿಕಲ್‌, ಕ್ರೋಮಿಯಂಗಳ ತೆಳು ಲೇಪ. ಎದ್ದ ಅಂಚು ಬ್ಲೇಡಿನಂತೆ ಬೆರಳು ಕೊಯ್ಯುತ್ತದೆ. ಅದನ್ನು ಮನೆಯಲ್ಲಿ ಉಜ್ಜಿ ಸಮ ಮಾಡುವ ಶ್ರಮಕ್ಕಿಂತ ಹೊಸ ಹ್ಯಾಂಡಲ್‌ ಹಾಕಿಸುವುದೇ ಲೇಸು. ಬಿರುಕು ಬಿಟ್ಟ ಅಥವಾ ಬುಡದಲ್ಲಿ ಅಲುಗಾಡುವ ಹ್ಯಾಂಡಲ್‌ಗೂ ಇದೇ ಮಾತು ಸಲ್ಲುತ್ತದೆ.

ಹಂತ 2: ದಿನ ಮತ್ತು ಜಾಗವನ್ನು ಆರಿಸುವುದು

ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದ್ದು ಧಾರವಾಡದಲ್ಲಿ, ಶ್ರಾವಣದ ಜಿಟಿಜಿಟಿ ಮಳೆ ಒಂದು ತಾಸು ಬಿಡುವು ಕೊಟ್ಟಿದ್ದ ಮಧ್ಯಾಹ್ನ. ಕ್ಲಿಯರ್‌ ಕೋಟ್‌ ಹೊಡೆದು ಚಹಾ ಕುಡಿದು ಬರುವಷ್ಟರಲ್ಲಿ ಕರಿ ಹ್ಯಾಂಡಲ್‌ ಮಜ್ಜಿಗೆ ಚೆಲ್ಲಿದಂತೆ ಮಸುಕಾಗಿತ್ತು. ಬಣ್ಣದೊಳಗಿನ ಥಿನ್ನರ್‌, ಅಂದರೆ ಬಣ್ಣವನ್ನು ತೆಳುಮಾಡುವ ದ್ರಾವಕ, ಬೇಗ ಆರುವುದರಿಂದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಂಪಿಗೆ ಅದು ಹನಿಗಟ್ಟಿ ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಭಾಗದಲ್ಲಿ ಈ ಕೆಲಸ ಬೇಡ ಎನ್ನುವುದು ಇದಕ್ಕಾಗಿಯೇ. ಮಳೆ ಕಡಿಮೆಯಿದ್ದರೂ ಆಷಾಢದ ಗಾಳಿ ಬಿಡುವುದಿಲ್ಲ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ತಿರುಗುವ ಗದಗ ಜಿಲ್ಲೆಯಲ್ಲಂತೂ ಬಯಲಿನಲ್ಲಿ ಸ್ಪ್ರೇ ಹಿಡಿದರೆ ಅರ್ಧ ಬಣ್ಣ ಎರಿ ಹೊಲಕ್ಕೆ ಹೋಗುತ್ತದೆ, ಹೊಲದ ಧೂಳು ಬಣ್ಣಕ್ಕೆ ಬರುತ್ತದೆ.

ನವೆಂಬರ್‌ನಿಂದ ಫೆಬ್ರವರಿಯವರೆಗೆ, ಇಬ್ಬನಿ ಆರಿದ ಮೇಲೆ, ಬೆಳಗಿನ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗಿನ ಹೊತ್ತು ಉತ್ತಮ. ಉಷ್ಣಾಂಶ 20ರಿಂದ 30 ಡಿಗ್ರಿ ಸೆಲ್ಸಿಯಸ್‌ ನಡುವೆ ಇದ್ದರೆ ಸಾಕು. ಬೇಸಿಗೆಯಲ್ಲಿ ಮಾಡಲೇಬೇಕಾದರೆ ಬಿಸಿಲೇರುವ ಮೊದಲು ಮುಗಿಸಿರಿ. ಬಾಗಿಲ ತಗಡು ಕೈಗೆ ಬಿಸಿ ತಾಗಿದರೆ ಬಣ್ಣ ಹರಡಿಕೊಳ್ಳುವ ಮೊದಲೇ ಆರಿ, ಮೈ ರವೆಯಂತೆ ಒರಟಾಗುತ್ತದೆ. ಜಾಗ ನೆರಳಿನದಾಗಿರಲಿ, ಎರಡು ಕಡೆ ತೆರೆದಿರಲಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿರಲಿ. ಮುಚ್ಚಿದ ಗ್ಯಾರೇಜು ಬೇಡ. ಒಲೆ, ದೀಪ, ಬೀಡಿ ಸಿಗರೇಟು ಹತ್ತಿರ ಇರಬಾರದು.

ಹಂತ 3: ಸಾಮಾನು ಹೊಂದಿಸುವುದು

ಸ್ಪ್ರೇ ಡಬ್ಬಿಗಳು ನಾಲ್ಕು ಬಗೆಯವು ಬೇಕು: ಪ್ಲಾಸ್ಟಿಕ್‌ ಪ್ರೈಮರ್‌, ಬೂದು ಬಣ್ಣದ ಸಾಮಾನ್ಯ ಪ್ರೈಮರ್‌, ಕಾರಿನ ಬಣ್ಣ, ಕ್ಲಿಯರ್‌ ಕೋಟ್‌. ಮೊದಲನೆಯದನ್ನು ಅಂಗಡಿಯವರು "ಬ್ಯಾಡ್ರೀ, ಪ್ರೈಮರ್‌ ಅದನಲ್ಲ" ಎಂದು ಬಿಡಿಸಿಬಿಡುವುದುಂಟು. ಬರಿ ಪ್ಲಾಸ್ಟಿಕ್‌ ಕಾಣುತ್ತಿರುವ ಹ್ಯಾಂಡಲ್‌ಗೆ ಅದನ್ನು ಬಿಡಬೇಡಿರಿ; ತಗಡಿಗೆಂದು ಮಾಡಿದ ಪ್ರೈಮರ್‌ ಪ್ಲಾಸ್ಟಿಕ್ಕನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ಕಾರಿನ ಬಣ್ಣ ಕಲಸಿಕೊಡುವ ಅಂಗಡಿಗೆ ಹೋಗುವ ಮೊದಲು ಬಾನೆಟ್‌ ಕೆಳಗಿನ ಅಥವಾ ಚಾಲಕನ ಬಾಗಿಲ ಕಂಬದ ಮೇಲಿನ ತಟ್ಟೆಯಿಂದ ಬಣ್ಣದ ಕೋಡನ್ನು ಫೋಟೊ ತೆಗೆದುಕೊಂಡು ಹೋಗಿರಿ. ಬಿಳಿ ಎಂದರೆ ಒಂದೇ ಬಿಳಿಯಲ್ಲ. ಪರ್ಲ್‌ ವೈಟ್‌ ಬಣ್ಣಗಳಲ್ಲಿ ಬಿಳಿಯ ಮೇಲೆ ಮುತ್ತಿನ ಹೊಳಪಿನ ಇನ್ನೊಂದು ಪದರ ಇರುವುದುಂಟು, ಅದಕ್ಕೆ ಬೇರೆ ಡಬ್ಬಿ ಬೇಕು.

ಕ್ಲಿಯರ್‌ ಕೋಟ್‌ ಎರಡು ತೆರನಾಗಿ ಸಿಗುತ್ತದೆ. ಹಾರ್ಡನರ್‌ (ಪದರವನ್ನು ಗಟ್ಟಿಗೊಳಿಸುವ ದ್ರವ) ಇಲ್ಲದ 1ಕೆ ಅಗ್ಗ, ಹೊಡೆಯಲು ಸುಲಭ. ಆದರೆ ದಿನಕ್ಕೆ ಹತ್ತು ಸಲ ಕೈ ತಾಗುವ ಹ್ಯಾಂಡಲ್‌ ಮೇಲೆ, ಅದರಲ್ಲೂ ಸ್ಯಾನಿಟೈಸರ್‌ ಹಚ್ಚಿದ ಕೈಗೆ, ಅದು ಬೇಗ ಮಣಿಯುತ್ತದೆ. 2ಕೆ ಡಬ್ಬಿಯ ತಳದ ಗುಂಡಿಯನ್ನು ಒತ್ತಿದಾಗ ಒಳಗಿನ ಹಾರ್ಡನರ್‌ ಬೆರೆತು ಗಟ್ಟಿ ಪದರ ಕೊಡುತ್ತದೆ. ಹ್ಯಾಂಡಲ್‌ಗೆ ನನ್ನ ಆಯ್ಕೆ 2ಕೆ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸೈನೇಟ್‌ ಇರುತ್ತದೆ. ಅದರ ಹಬೆ ಉಸಿರಾಟಕ್ಕೆ ಅಪಾಯಕಾರಿ, ಬಾಯಿಗೆ ಕಟ್ಟಿದ ಕರವಸ್ತ್ರವಾಗಲಿ ಬಟ್ಟೆಯ ಮಾಸ್ಕಾಗಲಿ ಅದನ್ನು ತಡೆಯುವುದಿಲ್ಲ. ಬಣ್ಣದ ಹಬೆಗೆಂದೇ ಮಾಡಿದ ಕಾರ್ಟ್ರಿಜ್‌ ಮಾಸ್ಕ್‌, ಕನ್ನಡಕ, ಕೈಗವಸು ಇಲ್ಲದೆ ಡಬ್ಬಿಯ ಗುಂಡಿ ಒತ್ತಬೇಡಿರಿ. ಅಸ್ತಮಾ ಇರುವವರು ಈ ಹಂತವನ್ನು ಪೇಂಟರ್‌ಗೆ ಬಿಡಬೇಕು.

ಇವುಗಳ ಜೊತೆಗೆ 320, 400, 600, 800 ನಂಬರಿನ ವಾಟರ್‌ ಪೇಪರ್‌ (ನೀರಿನಲ್ಲಿ ಅದ್ದಿ ಉಜ್ಜುವ ಉಪ್ಪುಕಾಗದ), ಐಸೊಪ್ರೊಪೈಲ್‌ ಆಲ್ಕೋಹಾಲ್‌, ಒಳ್ಳೆಯ ಮಾಸ್ಕಿಂಗ್‌ ಟೇಪ್‌, ಹಳೆಯ ವೃತ್ತಪತ್ರಿಕೆ, ನೂಲು ಬಿಡದ ಬಟ್ಟೆ ಮತ್ತು ಪಾತ್ರೆ ತೊಳೆಯುವ ದ್ರವ ಸಾಕು.

ಹಂತ 4: ಹ್ಯಾಂಡಲ್‌ ಬಿಚ್ಚುವುದು, ಅಥವಾ ಸುತ್ತಲೂ ಮರೆಮಾಡುವುದು

ಬಿಚ್ಚಿ ಮಾಡಿದ ಕೆಲಸವೇ ಹೆಚ್ಚು ಬಾಳುತ್ತದೆ, ಏಕೆಂದರೆ ಹ್ಯಾಂಡಲ್‌ನ ಹಿಂಬದಿಗೆ, ಬೆರಳು ತಾಗುವ ಒಳ ಅಂಚಿಗೆ, ಆಗ ಮಾತ್ರ ಬಣ್ಣ ಸರಿಯಾಗಿ ತಲುಪುತ್ತದೆ. ಹಿಡಿದೆಳೆಯುವ ಬಗೆಯ ಅನೇಕ ಹ್ಯಾಂಡಲ್‌ಗಳಲ್ಲಿ ಬಾಗಿಲ ದಪ್ಪ ಅಂಚಿನ ಮೇಲೆ, ಹ್ಯಾಂಡಲ್‌ನ ಮಟ್ಟದಲ್ಲಿ, ಒಂದು ಚಿಕ್ಕ ರಬ್ಬರ್‌ ಬಿರಡೆ ಇರುತ್ತದೆ. ಅದನ್ನು ತೆಗೆದರೆ ಒಳಗೆ ಸ್ಕ್ರೂ ಸಿಗುತ್ತದೆ. ಅದನ್ನು ಸಡಿಲಿಸಿದರೆ ಸಾಕು, ಪೂರ್ತಿ ಹೊರತೆಗೆದರೆ ಬಾಗಿಲೊಳಗೆ ಬಿದ್ದು ಹೋಗಬಹುದು. ಆಮೇಲೆ ಬೀಗದ ಕಡೆಯ ಮುಚ್ಚಳ ಹೊರಬರುತ್ತದೆ. ಹ್ಯಾಂಡಲನ್ನು ಹಿಂದಕ್ಕೆ ಸರಿಸಿ ಹೊರಗೆ ತಿರುಗಿಸಿದರೆ ಕೈಗೆ ಬರುತ್ತದೆ. ಬಲ ಹಾಕಬೇಕಾಗಿ ಬಂದರೆ ನಿಮ್ಮ ಕಾರಿನ ಕ್ರಮ ಬೇರೆಯಿದೆ ಎಂದು ತಿಳಿದು ನಿಲ್ಲಿಸಿರಿ. ಕೆಲವು ಕಾರುಗಳಲ್ಲಿ ಒಳಗಿನ ಟ್ರಿಮ್‌ ಬಿಚ್ಚದೆ ಹ್ಯಾಂಡಲ್‌ ಬರುವುದಿಲ್ಲ. ಅಂಥವನ್ನು, ಮತ್ತು ಗುಂಡಿ ಒತ್ತಿದರೆ ಬೀಗ ತೆರೆಯುವ ವೈರ್‌ ಇರುವ ಹ್ಯಾಂಡಲ್‌ಗಳನ್ನು, ಜಾಗದಲ್ಲಿಯೇ ಇಟ್ಟು ಮಾಡುವುದು ಕ್ಷೇಮ.

ಒಂದು ಎಚ್ಚರಿಕೆಯನ್ನು ಮರೆಯಬೇಡಿರಿ. ಹ್ಯಾಂಡಲ್‌ ಹೊರಗಿರುವಾಗ ಬಾಗಿಲು ಮುಚ್ಚಬಾರದು. ಗಾಳಿಗೆ ಮುಚ್ಚಿಕೊಂಡರೆ ಹೊರಗಿನಿಂದ ತೆರೆಯುವ ದಾರಿಯೇ ಇರುವುದಿಲ್ಲ. ಬಾಗಿಲ ಸಂದಿಗೆ ಮಡಿಸಿದ ಹಳೆಯ ಟವೆಲ್‌ ಕಟ್ಟಿರಿ. ಒಳಗಿನ ದೀಪ ಉರಿದು ಬ್ಯಾಟರಿ ಇಳಿಯದಂತೆ ಅದನ್ನೂ ಆರಿಸಿಡಿರಿ.

ಬಿಚ್ಚದೆ ಮಾಡುವವರು ಹ್ಯಾಂಡಲ್‌ನ ಬುಡಕ್ಕೆ ಟೇಪನ್ನು ಚಿಕ್ಕ ಚಿಕ್ಕ ತುಂಡುಗಳಲ್ಲಿ ಹಚ್ಚಬೇಕು. ಉದ್ದ ಪಟ್ಟಿಯನ್ನು ತಿರುವಿನಲ್ಲಿ ಎಳೆದು ಹಚ್ಚಿದರೆ ಅರ್ಧ ತಾಸಿನಲ್ಲಿ ಅದು ಮೇಲೇಳುತ್ತದೆ. ಬೀಗದ ತೂತನ್ನು ಮುಚ್ಚಿರಿ. ಬಾಗಿಲಿಗಷ್ಟೇ ಕಾಗದ ಹಚ್ಚಿದರೆ ಸಾಲದು, ಸ್ಪ್ರೇಯ ಮಂಜು ಗಾಜು, ಟೈರು, ಪಕ್ಕದ ಮನೆಯವರ ಸ್ಕೂಟರ್‌ವರೆಗೂ ತೇಲಿ ಹೋಗುತ್ತದೆ.

ಹಂತ 5: ಉಜ್ಜುವ ಮೊದಲು ತೊಳೆಯುವುದು

ಹೆಚ್ಚಿನವರ ಕೆಲಸ ಕೆಡುವುದು ಈ ಹಂತದಲ್ಲಿ. ಬಣ್ಣ ಸುಲಿದಿರುವುದು ಕಂಡ ಕೂಡಲೇ ಕೈ ಉಪ್ಪುಕಾಗದಕ್ಕೆ ಹೋಗುತ್ತದೆ. ಹ್ಯಾಂಡಲ್‌ ಮೇಲೆ ವರ್ಷಗಟ್ಟಲೆಯ ಕೈಜಿಡ್ಡು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಕಾರು ತೊಳೆಯುವವರು ಹಚ್ಚಿದ ಸಿಲಿಕೋನ್‌ ಪಾಲಿಶ್‌ ಕೂತಿರುತ್ತವೆ. ತೊಳೆಯದೆ ಉಜ್ಜಿದರೆ ಆ ಜಿಡ್ಡನ್ನು ನಾವೇ ಹೊಸ ಗೀರುಗಳೊಳಗೆ ತುಂಬಿದಂತಾಗುತ್ತದೆ. ಆಮೇಲೆ ಎಷ್ಟು ಒರೆಸಿದರೂ ಅದು ಪೂರ್ತಿ ಬರುವುದಿಲ್ಲ.

ಮೊದಲು ಪಾತ್ರೆ ತೊಳೆಯುವ ದ್ರವ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಒಳಬದಿಯ ಸಂದಿಗಳನ್ನೂ ಸೇರಿಸಿ, ಎರಡು ಸಲ ತೊಳೆಯಿರಿ. ನಲ್ಲಿಗೆ ನೀರು ಬಂದ ದಿನವೇ ಒಂದು ಬಕೆಟ್‌ ತುಂಬಿಟ್ಟುಕೊಳ್ಳಿರಿ; ಬೋರ್‌ವೆಲ್ಲಿನ ಸವಳು ನೀರು ಆರಿದಲ್ಲಿ ಬಿಳಿ ಉಪ್ಪು ಉಳಿಯುತ್ತದೆ, ಆ ಉಪ್ಪು ಬಣ್ಣದ ಕೆಳಗೆ ಸಿಕ್ಕಿಕೊಂಡರೆ ತೇವ ಹೀರಿ ಗುಳ್ಳೆ ಏಳಿಸುತ್ತದೆ. ಆರಿದ ಮೇಲೆ ಐಸೊಪ್ರೊಪೈಲ್‌ ಆಲ್ಕೋಹಾಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿರಿ. ಒಂದೇ ಬಟ್ಟೆಯಿಂದ ಒರೆಸುತ್ತ ಹೋದರೆ ಜಿಡ್ಡು ಜಾಗ ಬದಲಿಸುತ್ತದೆ, ಹೋಗುವುದಿಲ್ಲ.

ಕೊನೆಗೆ ಶುದ್ಧ ನೀರನ್ನು ಹ್ಯಾಂಡಲ್‌ ಮೇಲೆ ಮೆಲ್ಲಗೆ ಸುರಿದು ನೋಡಿರಿ. ನೀರು ತೆಳು ಹಾಳೆಯಾಗಿ ಹರಡಿ ಇಳಿದರೆ ಮೈ ಚೊಕ್ಕವಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಮುತ್ತು ಮುತ್ತಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೆ ಮೊದಲಿನಿಂದ ತೊಳೆಯಬೇಕು. ಇಲ್ಲಿಂದ ಮುಂದೆ ಬರಿಗೈಯಿಂದ ಹ್ಯಾಂಡಲ್‌ ಮುಟ್ಟಬೇಡಿರಿ.

ಎನ್‌.ಸಿ. ಥಿನ್ನರ್‌ ಅಥವಾ ಪೆಟ್ರೋಲಿನಿಂದ ಒರೆಸುವ ರೂಢಿಯನ್ನು ಬಿಡಬೇಕು. ಥಿನ್ನರ್‌ ಪ್ಲಾಸ್ಟಿಕ್ಕನ್ನೇ ಕರಗಿಸಿ ಮೆತ್ತಗೆ ಮಾಡುತ್ತದೆ. ಬೆರಳಿಗೆ ಅಂಟಂಟು ತಾಗಿದರೆ ಹಾನಿ ಆಗಿಹೋಗಿದೆ ಎಂದೇ ತಿಳಿಯಬೇಕು. ಪೆಟ್ರೋಲಂತೂ ಬೆಂಕಿಯ ಅಪಾಯದ ಜೊತೆಗೆ ತನ್ನದೇ ಎಣ್ಣೆ ಪದರ ಬಿಟ್ಟು ಹೋಗುತ್ತದೆ. ಬಣ್ಣ ಕರಗಿಸುವ ಪೇಂಟ್‌ ರಿಮೂವರ್‌ ಮತ್ತು ಹೀಟ್‌ ಗನ್ನಿಗೂ ಇಲ್ಲಿ ಕೆಲಸವಿಲ್ಲ.

ಹಂತ 6: ಸಡಿಲ ಬಣ್ಣ ತೆಗೆದು ಅಂಚು ಸವರುವುದು

ಎದ್ದ ಹಕ್ಕಳೆಗಳನ್ನು ಪ್ಲಾಸ್ಟಿಕ್‌ ತುಂಡಿನಿಂದ ಕೆರೆದು ತೆಗೆದ ಮೇಲೆ 320 ನಂಬರಿನ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿರಿ. ಗಟ್ಟಿಯಾಗಿ ಅಂಟಿರುವ ಹಳೆಯ ಬಣ್ಣ ಉಳಿದರೂ ಆದೀತು, ಆದರೆ ಅದರ ಅಂಚು ಮೆಟ್ಟಿಲಿನಂತೆ ನಿಲ್ಲಬಾರದು. ಕಣ್ಣು ಮುಚ್ಚಿ ಕೈಗವಸಿನ ಬೆರಳನ್ನು ಬಣ್ಣದಿಂದ ಪ್ಲಾಸ್ಟಿಕ್ಕಿನ ಕಡೆಗೆ ಸರಿಸಿದಾಗ ಎಲ್ಲಿ ಬಣ್ಣ ಮುಗಿಯಿತೆಂದು ತಿಳಿಯದಂತಾದರೆ ಅಂಚು ಸರಿಯಾಗಿದೆ. ಆಮೇಲೆ 400, ಅನಂತರ 600. ಹೊಳಪು ಉಳಿದಿರುವ ಯಾವ ಚುಕ್ಕೆಯಲ್ಲೂ ಹೊಸ ಬಣ್ಣ ನಿಲ್ಲುವುದಿಲ್ಲ, ಆದ್ದರಿಂದ ಟಾರ್ಚನ್ನು ಓರೆಯಾಗಿ ಹಿಡಿದು ಹ್ಯಾಂಡಲನ್ನು ತಿರುಗಿಸಿ ನೋಡಿರಿ. ಹೊಳಪು ಅಡಗಿಕೊಳ್ಳುವುದು ಬೆರಳು ಹೋಗುವ ಒಳಬದಿಯಲ್ಲಿ ಮತ್ತು ಎರಡೂ ತುದಿಗಳ ತಿರುವಿನಲ್ಲಿ.

ತೊಳೆದು, ಪೂರ್ತಿ ಆರಿಸಿ, ಆಲ್ಕೋಹಾಲ್‌ನಿಂದ ಇನ್ನೊಮ್ಮೆ ಒರೆಸಿರಿ. ಬಿಚ್ಚಿದ ಹ್ಯಾಂಡಲ್‌ ಆದರೆ ಒಳಗಿನ ಪೊಳ್ಳಿನಲ್ಲಿ ನೀರು ನಿಂತಿರುತ್ತದೆ, ತಲೆಕೆಳಗಾಗಿ ಅರ್ಧ ತಾಸು ತೂಗುಹಾಕಿರಿ. ಇಲ್ಲವಾದರೆ ಬಣ್ಣ ಹೊಡೆಯುವಾಗಲೇ ಒಂದು ಹನಿ ತೊಟ್ಟಿಕ್ಕುತ್ತದೆ.

ಹಂತ 7: ಪ್ಲಾಸ್ಟಿಕ್‌ ಪ್ರೈಮರ್‌, ಆಮೇಲೆ ಪ್ರೈಮರ್‌

ಡಬ್ಬಿಯೊಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಅಲುಗಾಡಿಸಿ, ಮೊದಲು ರಟ್ಟಿನ ಮೇಲೆ ಹೊಡೆದು ನೋಡಿರಿ. ಡಬ್ಬಿಯನ್ನು 20ರಿಂದ 25 ಸೆಂಟಿಮೀಟರ್‌ ದೂರ ಹಿಡಿದು, ಹ್ಯಾಂಡಲ್‌ನ ಆಚೆಯಿಂದ ಶುರುಮಾಡಿ ಈಚೆ ದಾಟಿದ ಮೇಲೆ ಬೆರಳು ಬಿಡಬೇಕು. ಹ್ಯಾಂಡಲ್‌ ಮೇಲೆಯೇ ಒತ್ತಿ ಅಲ್ಲಿಯೇ ಬಿಟ್ಟರೆ ಎರಡೂ ತುದಿಯಲ್ಲಿ ಬಣ್ಣ ಇಳಿಯುತ್ತದೆ. ಪ್ಲಾಸ್ಟಿಕ್‌ ಪ್ರೈಮರ್‌ನ ಒಂದು ತೆಳು ಕೋಟ್‌ ಸಾಕು. ಎಷ್ಟು ನಿಮಿಷದೊಳಗೆ ಮುಂದಿನ ಕೋಟ್‌ ಹೊಡೆಯಬೇಕೆಂಬುದು ಡಬ್ಬಿಯ ಮೇಲಿರುತ್ತದೆ, ಅದನ್ನು ಮೀರಬೇಡಿರಿ.

ಅದರ ಮೇಲೆ ಬೂದು ಪ್ರೈಮರ್‌ನ ಎರಡು ಮೂರು ತೆಳು ಕೋಟ್‌, ಪ್ರತಿಯೊಂದರ ನಡುವೆ ಸುಮಾರು ಹತ್ತು ನಿಮಿಷ. ಒಂದು ತಾಸು ಆರಿದ ಮೇಲೆ 800 ನಂಬರಿನಿಂದ ಹಗುರವಾಗಿ ಸವರಿರಿ. ಸವರುವಾಗ ಪ್ಲಾಸ್ಟಿಕ್‌ ಕಂಡರೆ ಅಷ್ಟು ಭಾಗಕ್ಕೆ ಎರಡೂ ಪ್ರೈಮರ್‌ಗಳನ್ನು ಮತ್ತೆ ಕೊಡಬೇಕು.

ಈ ಹಂತದಲ್ಲಿ ಹ್ಯಾಂಡಲ್‌ ತಾನಾಗಿಯೇ ಮಾತಾಡುತ್ತದೆ. ಪ್ರೈಮರ್‌ ಅಲ್ಲಲ್ಲಿ ಸರಿದು ದುಂಡನೆಯ ಕುಳಿಗಳಾದರೆ, ಪೇಂಟರ್‌ಗಳು ಫಿಶ್‌ ಐ ಎನ್ನುವುದು ಇದನ್ನೇ, ಸಿಲಿಕೋನ್‌ ಉಳಿದಿದೆ. ಮೇಲೆ ಇನ್ನಷ್ಟು ಹೊಡೆದು ಮುಚ್ಚಲು ಹೋಗಬೇಡಿರಿ. ಆರಿದ ಮೇಲೆ ಆ ಪದರವನ್ನು ಉಜ್ಜಿ ತೆಗೆದು ಐದನೇ ಹಂತಕ್ಕೆ ಮರಳಬೇಕು. ಹಳೆಯ ಬಣ್ಣದ ಅಂಚಿನುದ್ದಕ್ಕೂ ಹಪ್ಪಳದಂತೆ ಸುಕ್ಕು ಎದ್ದರೆ ಹೊಸ ದ್ರಾವಕ ಹಳೆಯ ಪದರವನ್ನು ಎಬ್ಬಿಸುತ್ತಿದೆ. ಒಂದು ದಿನ ಆರಲು ಬಿಟ್ಟು, ಆ ಹಳೆಯ ಬಣ್ಣವನ್ನು ಪೂರ್ತಿ ತೆಗೆಯುವುದೊಂದೇ ದಾರಿ.

ಹಂತ 8: ಬಣ್ಣ

ಮೊದಲ ಕೋಟ್‌ನಲ್ಲಿ ಪ್ರೈಮರ್‌ ಇನ್ನೂ ಕಾಣುತ್ತಿರಬೇಕು. ಒಂದೇ ಸಲಕ್ಕೆ ಮುಚ್ಚಿದರೆ ಅದು ದಪ್ಪವಾಯಿತೆಂದೇ ಅರ್ಥ. ಮೂರು ನಾಲ್ಕು ತೆಳು ಕೋಟ್‌ಗಳಲ್ಲಿ, ಪ್ರತಿಯೊಂದು ಮಂಕಾಗಿ ಆರಿದ ಮೇಲೆ ಮುಂದಿನದನ್ನು ಹೊಡೆದು ತುಂಬಿಸಿರಿ. ಬೆಳ್ಳಿ, ಬೂದು ಮುಂತಾದ ಮೆಟಾಲಿಕ್‌ ಬಣ್ಣಗಳಲ್ಲಿ ಕೊನೆಯ ಕೋಟನ್ನು ಇನ್ನಷ್ಟು ದೂರದಿಂದ ಉದುರಿಸಿದಂತೆ ಕೊಟ್ಟರೆ ಹೊಳಪಿನ ಕಣಗಳು ಸಮನಾಗಿ ಕೂರುತ್ತವೆ. ಮೆಟಾಲಿಕ್‌ ಬಣ್ಣವನ್ನು ಕ್ಲಿಯರ್‌ಗೆ ಮೊದಲು ಉಜ್ಜಬಾರದು, ಉಜ್ಜಿದ ಜಾಗ ಕಪ್ಪು ಮಚ್ಚೆಯಾಗಿ ಉಳಿಯುತ್ತದೆ. ಹೊಳಪಿಲ್ಲವಲ್ಲ ಎಂದು ಇಲ್ಲಿ ಗಾಬರಿಯಾಗಬೇಡಿರಿ. ಬೇಸ್‌ ಕೋಟ್‌ ಆರಿದಾಗ ಮಂಕಾಗಿಯೇ ಇರುತ್ತದೆ.

ಹಂತ 9: ಕ್ಲಿಯರ್‌ ಕೋಟ್‌

2ಕೆ ಡಬ್ಬಿಯ ಗುಂಡಿ ಒತ್ತಿದ ಮೇಲೆ ಅದನ್ನು ಮುಂದಿನ ತಿಂಗಳಿಗೆ ಎತ್ತಿಡಲಾಗದು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಒಳಗೇ ಗಟ್ಟಿಯಾಗುತ್ತದೆ. ಸುಲಿಯಲು ಶುರುವಾಗಿರುವ ಎಲ್ಲ ಹ್ಯಾಂಡಲ್‌ಗಳನ್ನೂ ಒಂದೇ ದಿನ ಈ ಹಂತಕ್ಕೆ ತಂದು ನಿಲ್ಲಿಸುವುದು ಜಾಣತನ. ಮೊದಲ ಕೋಟ್‌ ಹಗುರವಾಗಿರಲಿ, ಹತ್ತು ಹದಿನೈದು ನಿಮಿಷದ ಬಳಿಕ ಎರಡನೆಯದು ಒದ್ದೆಯಾಗಿ ಹೊಳೆಯುವಷ್ಟು ತುಂಬಿರಲಿ. ಎರಡನೆಯದನ್ನು ಹೊಡೆಯುವಾಗ ಕೆಳ ಅಂಚಿನ ಮೇಲೆ ಕಣ್ಣಿಡಿರಿ, ಹನಿ ಕಟ್ಟುವುದು ಅಲ್ಲಿಯೇ. ಕಟ್ಟಿದ ಹನಿಯನ್ನು ಬೆರಳಿನಿಂದ ಒರೆಸಲು ಹೋದವರು ಕೆಲಸವನ್ನು ಮೊದಲಿನಿಂದ ಮಾಡಿದ್ದಾರೆ. ಗಟ್ಟಿಯಾದ ಮೇಲೆ 1500, 2000 ನಂಬರಿನ ಕಾಗದದಿಂದ ಸವರಿ, ಹೊಳಪು ಬರಿಸುವ ಕಂಪೌಂಡ್‌ ಹಚ್ಚಿ ಉಜ್ಜಿದರೆ ಅದು ಹೋಗುತ್ತದೆ. ಕೂತ ನೊಣಕ್ಕೂ ಇದೇ ಉಪಾಯ.

ಹಂತ 10: ಟೇಪ್‌ ಕೀಳುವುದು, ಜೋಡಿಸುವುದು

ಬಿಚ್ಚದೆ ಹೊಡೆದಿದ್ದರೆ, ಕೊನೆಯ ಕೋಟ್‌ ಬೆರಳಿಗೆ ಹತ್ತದಷ್ಟು ಆರಿ, ಇನ್ನೂ ಗಟ್ಟಿಯಾಗಿರದ ಹೊತ್ತಿನಲ್ಲಿ ಟೇಪ್‌ ತೆಗೆಯಬೇಕು. ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಬಣ್ಣದಿಂದ ದೂರಕ್ಕೆ, ನಿಧಾನವಾಗಿ ಎಳೆಯಿರಿ. ಮರುದಿನಕ್ಕೆ ಬಿಟ್ಟರೆ ಬಣ್ಣ ಮತ್ತು ಟೇಪ್‌ ಒಂದೇ ಹಾಳೆಯಾಗಿರುತ್ತವೆ. ಎಳೆದಾಗ ಅಂಚಿನ ಬಣ್ಣವೂ ಬರುತ್ತದೆ, ಮುಂದೆ ಸುಲಿಯುವುದಕ್ಕೆ ಅದೇ ಬಾಗಿಲು ತೆರೆದುಕೊಡುತ್ತದೆ. ಆಗಲೇ ಗಟ್ಟಿಯಾಗಿದ್ದರೆ ಮೊದಲು ಅಂಚಿನುದ್ದಕ್ಕೂ ಹೊಸ ಬ್ಲೇಡಿನಿಂದ ಒಂದು ಹಗುರ ಗೆರೆ ಕೊಯ್ಯಿರಿ.

ಬಿಚ್ಚಿದ ಹ್ಯಾಂಡಲನ್ನು ಕನಿಷ್ಠ 24 ತಾಸು ಮುಟ್ಟದೆ ಇಟ್ಟು ಜೋಡಿಸಿರಿ, ಬಾಗಿಲು ಮುಚ್ಚುವ ಮೊದಲು ಹ್ಯಾಂಡಲ್‌ ಎಳೆದು ಬೀಗದ ನಾಲಗೆ ಆಡುತ್ತಿದೆಯೇ ಎಂದು ನೋಡಿರಿ. ಒಂದು ವಾರ ಕಾರು ತೊಳೆಯುವುದು ಬೇಡ. ವ್ಯಾಕ್ಸ್‌ಗೆ ಒಂದು ತಿಂಗಳು ಬಿಡಿರಿ. ಸರ್ವಿಸ್‌ ಸ್ಟೇಷನ್ನಿನಲ್ಲಿ ಪ್ರೆಶರ್‌ ನೀರಿನ ಕೊಳವೆಯನ್ನು ಹ್ಯಾಂಡಲ್‌ನ ಅಂಚಿಗೆ ಹತ್ತಿರದಿಂದ ಹಿಡಿಯದಂತೆ ಹೇಳಿರಿ.

ಉಳಿದ ಬಣ್ಣದ ಮತ್ತು ಪ್ರೈಮರ್‌ನ ಡಬ್ಬಿಗಳನ್ನು ತಲೆಕೆಳಗೆ ಹಿಡಿದು, ಬರಿ ಗಾಳಿ ಬರುವವರೆಗೆ ಒಂದೆರಡು ಕ್ಷಣ ಒತ್ತಿ, ನಳಿಗೆ ಒರೆಸಿ, ನೆರಳಿನಲ್ಲಿಡಿರಿ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಅವನ್ನು ಇಡಬಾರದು, ಕಾವಿಗೆ ಡಬ್ಬಿ ಸಿಡಿಯಬಹುದು.